ಹದಿನೈದು ಬೆಳ್ಳಿ, ಒಂದಿಷ್ಟು ಜವೆಗೋದಿ

ಸಂಪಾದಕರಿಗೆ ಒಂದು ಕೆಟ್ಟ ಚಾಳಿ ಅಂಟಿಕೊಳ್ಳುತ್ತದೆ. ಪುಸ್ತಕ ಕೈಗೆ ಬಂದರೆ ಕಥೆಗಿಂತ ಮೊದಲು ಮುದ್ರಣ, ಹಕ್ಕುಗಳ ವಿವರ ಇರುವ ಪುಟ ಓದುವುದು. ಅವೆನ್ಯೂ ರಸ್ತೆಯ ಹಳೆ ಪುಸ್ತಕದ ರಾಶಿಯಲ್ಲಿ ಫ್ರಾನ್ಸಿನ್ ರಿವರ್ಸ್ ಅವರ ‘ರಿಡೀಮಿಂಗ್ ಲವ್’ ಸಿಕ್ಕಾಗಲೂ ಹಾಗೇ ಮಾಡಿದೆ. ‘ಲವ್ ಸ್ಟೋರಿ ಸಾರ್, ಲೇಡೀಸೇ ಜಾಸ್ತಿ ತಗೊಳ್ಳೋದು’ ಎಂದು ಅಂಗಡಿಯವ ಎಚ್ಚರಿಸಿದ. ಆ ಪುಟದಲ್ಲಿ ನಾನು ಬೇರೆಲ್ಲೂ ಕಾಣದ ಸೂಚನೆಯೊಂದಿತ್ತು: ಇದು ಈ ಕಾದಂಬರಿಯ ‘ವಿಮೋಚಿತ’ ಆವೃತ್ತಿ, ಮೊದಲಿನದು ಈಗ ಸಿಗುವುದಿಲ್ಲ. ಪರಿಷ್ಕೃತ ಗೊತ್ತು, ವಿಸ್ತೃತ ಗೊತ್ತು. ಪಾಪದಿಂದ ಬಿಡುಗಡೆ ಪಡೆದ ಆವೃತ್ತಿಯೂ ಉಂಟೆಂದು ಗೊತ್ತಿರಲಿಲ್ಲ. ನಲವತ್ತು ರೂಪಾಯಿ ಕೊಟ್ಟು ತಂದೆ.

ರಿವರ್ಸ್ ಅಮೆರಿಕದವರು, 1947ರಲ್ಲಿ ಹುಟ್ಟಿದವರು. ತಂದೆ ಪೊಲೀಸ್, ತಾಯಿ ನರ್ಸ್. ರೀನೋದ ನೆವಾಡಾ ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಮತ್ತು ಪತ್ರಿಕೋದ್ಯಮ ಓದಿ, ಪತ್ರಿಕೆಯೊಂದರಲ್ಲಿ ನಿಧನವಾರ್ತೆ ಬರೆಯುತ್ತಿದ್ದರು. ಅತ್ತೆ ಓದಲು ಕೊಟ್ಟ ಪ್ರೇಮಕಾದಂಬರಿಗಳನ್ನು ಮುಗಿಸಿ, ಇದನ್ನು ನಾನೂ ಬರೆಯಬಲ್ಲೆ ಅನ್ನಿಸಿತಂತೆ. ಬರೆದರು, ಅಚ್ಚಾಯಿತು. 1976ರಿಂದ 1985ರವರೆಗೆ ಹಳೆಯ ಕಾಲದ ಹಿನ್ನೆಲೆಯ ಬಿಸಿಬಿಸಿ ಪ್ರೇಮಕಥೆಗಳನ್ನು ಸಾಲಾಗಿ ಕೊಟ್ಟರು. ಓದುಗರಿದ್ದರು, ಹಣ ಬರುತ್ತಿತ್ತು.

1986ರಲ್ಲಿ ಅವರು ಕ್ರಿಸ್ತನ ಕಡೆ ತಿರುಗಿದರು. ಅವರ ಸಭೆಯವರ ಮಾತಿನಲ್ಲಿ ಹೇಳುವುದಾದರೆ ಹೊಸದಾಗಿ ಹುಟ್ಟಿದರು. ಆಮೇಲೆ ಬರೆಯಲು ಕೂತರೆ ಏನೂ ಬರಲಿಲ್ಲ. ಒಂದು ವಾರವಲ್ಲ, ಒಂದು ತಿಂಗಳಲ್ಲ. ಹತ್ತಿರಹತ್ತಿರ ಮೂರು ವರ್ಷ.

ಈ ಟಿಪ್ಪಣಿ ಬರೆಯಲು ನನಗೆ ಕಾರಣವಾದದ್ದು ಆ ಮೂರು ವರ್ಷ. ನಮ್ಮ ಕಚೇರಿಗೆ ಬರುವ ಫೋನುಗಳಲ್ಲಿ ಅತಿ ಹೆಚ್ಚು ಕೇಳುವ ಪದ ‘ಸ್ಫೂರ್ತಿ’. ಸ್ಫೂರ್ತಿ ಬಂದಿಲ್ಲ ಸಾರ್, ಬಂದ ಕೂಡಲೇ ಕಳಿಸ್ತೀನಿ. ಬಸ್ಸಿನ ಹಾಗೆ ಅದು ತಡವಾಗುತ್ತದೆ, ಆದರೆ ಬಂದೇ ಬರುತ್ತದೆ ಎಂಬ ನಂಬಿಕೆ ನಮ್ಮ ಲೇಖಕರದು. ರಿವರ್ಸ್ ವಿಷಯದಲ್ಲಿ ಆದದ್ದೇ ಬೇರೆ. ಕಸುಬು ಕೈಯಲ್ಲಿತ್ತು, ಪ್ರೇಮಕಥೆ ಹೆಣೆಯುವ ಹದ ಗೊತ್ತಿತ್ತು, ಕಥೆ ಮಾತ್ರ ನಿಲ್ಲುತ್ತಿರಲಿಲ್ಲ. ಬರವಣಿಗೆಯೇ ತನಗೆ ವಿಗ್ರಹವಾಗಿತ್ತು, ಕಷ್ಟದಿಂದ ತಪ್ಪಿಸಿಕೊಳ್ಳಲು ಅದರೊಳಗೆ ಓಡಿಹೋಗುತ್ತಿದ್ದೆ ಎಂದು ಆಮೇಲೆ ಅವರೇ ಹೇಳಿಕೊಂಡಿದ್ದಾರೆ. ಭಕ್ತರಲ್ಲದವರಿಗೂ ಈ ಮಾತಿನ ಅರ್ಥವಾಗುತ್ತದೆ. ಬದುಕಿನಲ್ಲಿ ನಂಬುವುದು ಒಂದು, ಪುಟದ ಮೇಲೆ ಮಾರುವುದು ಇನ್ನೊಂದು ಎಂದಾದ ದಿನ ಕೈ ತಾನಾಗಿ ನಿಲ್ಲುತ್ತದೆ. ಅನೇಕರು ಲೆಕ್ಕಿಸದೆ ಬರೆಯುತ್ತಲೇ ಹೋಗುತ್ತಾರೆ. ಈಕೆ ನಿಂತರು.

ಆ ಅವಧಿಯಲ್ಲಿ ಮನೆಯಲ್ಲೇ ಸತ್ಯವೇದದ ಅಧ್ಯಯನಕೂಟ ಶುರುವಾಯಿತು. ಓದುತ್ತ ಓದುತ್ತ ಒಂದು ದಿನ ಹೋಶೇಯನ ಗ್ರಂಥಕ್ಕೆ ಬಂದರು. ಕ್ರಿ.ಪೂ. 8ನೇ ಶತಮಾನದ ಪ್ರವಾದಿ ಹೋಶೇಯ. ಇಸ್ರೇಲಿನ ಉತ್ತರ ರಾಜ್ಯದವನು. ವ್ಯಭಿಚಾರಿಣಿಯನ್ನು ಮದುವೆಯಾಗು ಎಂದು ಅವನಿಗೆ ಯೆಹೋವನ ಅಪ್ಪಣೆಯಾಗುತ್ತದೆ. ಗೋಮೆರಳನ್ನು ಮದುವೆಯಾಗುತ್ತಾನೆ. ಮಕ್ಕಳಿಗಿಡುವ ಹೆಸರುಗಳು ಎದೆ ನಡುಗಿಸುವಂಥವು: ಒಬ್ಬಳು ‘ಕರುಣೆ ಕಾಣದವಳು’, ಇನ್ನೊಬ್ಬ ‘ನನ್ನ ಜನವಲ್ಲ’. ಹೋಗು, ಅನ್ಯರ ವಶವಾದ ಹೆಣ್ಣನ್ನು ಮತ್ತೆ ಪ್ರೀತಿಸು ಎಂದು ಪುನಃ ಅಪ್ಪಣೆ. ಅವನು ಹದಿನೈದು ಬೆಳ್ಳಿಯ ತುಂಡು, ಒಂದಿಷ್ಟು ಜವೆಗೋದಿ ಕೊಟ್ಟು ಅವಳನ್ನು ಕೊಂಡು ತರುತ್ತಾನೆ. ಇಷ್ಟೇ ಕಥೆ. ಗೋಮೆರ್ ಒಂದು ಮಾತೂ ಆಡುವುದಿಲ್ಲ. ಗ್ರಂಥದ ಉಳಿದ ಭಾಗವೆಲ್ಲ ಕೋಪಗೊಂಡ ದೇವರ ಮಾತು, ನಡುನಡುವೆ ಕರಗಿದ ದೇವರ ಮಾತು.

ವಚನಗಳನ್ನು ಓದಿ ಬೆಳೆದವರಿಗೆ ಈ ರೂಪಕ ಅರ್ಧ ಪರಿಚಿತ, ಅರ್ಧ ಅಪರಿಚಿತ. ಶರಣಸತಿ ಲಿಂಗಪತಿ ಎನ್ನುವಾಗ ಹುಡುಕಿಕೊಂಡು ಹೊರಡುವವಳು ಸತಿ. ಗಂಡನನ್ನು ಕಂಡಿರಾ ಎಂದು ಗಿಳಿಯನ್ನೂ ಕೋಗಿಲೆಯನ್ನೂ ಕೇಳುವವಳು ಅವಳು. ಇಲ್ಲಿ ಸತಿ ಓಡುತ್ತಾಳೆ, ಪತಿ ಅಲೆಯುತ್ತಾನೆ. ಮನೆಯಲ್ಲಿರಲೊಲ್ಲದ ಹೆಂಡತಿಯ ಹಿಂದೆ ಚೀಲ ಹಿಡಿದು ಹೋಗುವ ದೇವರು ನಮ್ಮ ಭಕ್ತಿಕಾವ್ಯದಲ್ಲಿ ಅಪರೂಪ.

ರಿವರ್ಸ್ ಈ ಕಥೆಯನ್ನು 1850ರ ಕ್ಯಾಲಿಫೋರ್ನಿಯಾಕ್ಕೆ, ಚಿನ್ನದ ಹುಚ್ಚಿನ ಕಾಲಕ್ಕೆ ತಂದರು. ಬಾಲ್ಯದಲ್ಲೇ ವೇಶ್ಯಾವಾಟಿಕೆಗೆ ಮಾರಾಟವಾದ ಹುಡುಗಿ ಏಂಜಲ್. ಅವಳನ್ನು ಮದುವೆಯಾಗುವ ರೈತ ಮೈಕಲ್ ಹೋಶೇಯ. ಹೆಸರಿನಲ್ಲೇ ಗುಟ್ಟು ಬಿಟ್ಟುಕೊಟ್ಟಿದ್ದಾರೆ, ಅದೊಂದು ಸಣ್ಣ ತಪ್ಪು. 1991ರಲ್ಲಿ ಬ್ಯಾಂಟಮ್ ಎಂಬ ಸಾಮಾನ್ಯ ಪ್ರಕಾಶನ ಸಂಸ್ಥೆಯಿಂದ ಹೊರಬಂತು. 1997ರಲ್ಲಿ ಬೈಗುಳ, ಬಿಸಿ ಎಲ್ಲವನ್ನೂ ತಗ್ಗಿಸಿ ಕ್ರೈಸ್ತ ಪ್ರಕಾಶಕರಾದ ಮಲ್ಟ್ನೋಮಾ ಮತ್ತೆ ತಂದರು. ಅದೇ ನನ್ನ ನಲವತ್ತು ರೂಪಾಯಿಯ ‘ವಿಮೋಚಿತ’ ಪ್ರತಿ. ಈವರೆಗೆ 30 ಲಕ್ಷಕ್ಕೂ ಹೆಚ್ಚು ಪ್ರತಿ ಮಾರಾಟವಾಗಿವೆ. ತಿರುಗುವ ಮೊದಲು ಬರೆದ ಹಳೆಯ ಕಾದಂಬರಿಗಳನ್ನು ರಿವರ್ಸ್ ಮತ್ತೆ ಅಚ್ಚು ಹಾಕಿಸುತ್ತಿಲ್ಲ, ಓದಿ ಎಂದು ಹೇಳುವುದೂ ಇಲ್ಲ.

ಕಾದಂಬರಿ ಹೇಗಿದೆ? ಮುಚ್ಚುಮರೆ ಬೇಡ: ಅರ್ಧ ಒಳ್ಳೆಯದು. ಏಂಜಲ್ ಓಡಿಹೋಗುವ ಭಾಗಗಳು ಒಳ್ಳೆಯವು. ಒಂದು ಸಲ ಅಲ್ಲ, ಮತ್ತೆ ಮತ್ತೆ ಓಡುತ್ತಾಳೆ. ಒಳ್ಳೆಯ ಗಂಡ, ಬೆಚ್ಚನೆಯ ಮನೆ, ಉತ್ತ ಹೊಲ ಎಲ್ಲ ಇದ್ದೂ ಓಡುತ್ತಾಳೆ. ಒಳ್ಳೆಯತನವನ್ನು ನಂಬಲು ಅವಳ ಮೈ ಒಪ್ಪುವುದಿಲ್ಲ. ಪ್ರೇಮಕಾದಂಬರಿಯ ಕಟ್ಟಳೆಯ ಪ್ರಕಾರ ಮದುವೆಗೆ ಕಥೆ ಮುಗಿಯಬೇಕು, ಇಲ್ಲಿ ಮದುವೆಯಿಂದ ಸಂಕಟ ಶುರು. ಹತ್ತು ವರ್ಷ ಆ ಕಟ್ಟಳೆಯಲ್ಲೇ ದುಡಿದವರಿಗೆ ಮಾತ್ರ ಅದನ್ನು ಎಲ್ಲಿ ಮುರಿಯಬೇಕೆಂದು ಇಷ್ಟು ಖಚಿತವಾಗಿ ತಿಳಿಯುತ್ತದೆ. ಕೆಟ್ಟ ಅರ್ಧ ಯಾವುದೆಂದರೆ ಮೈಕಲ್. ಅವನಿಗೆ ಸಂದೇಹ ಬಂದಾಗಲೆಲ್ಲ ದೇವರು ನೇರ ಉತ್ತರ ಕೊಡುತ್ತಾನೆ. ಆ ಮಾತುಗಳಿಗೆ ಬೇರೆ ಅಕ್ಷರ ವಿನ್ಯಾಸವೇ ಇದೆ. ಹೋಶೇಯನ ಗ್ರಂಥದಲ್ಲಿ ಮಾತಿಲ್ಲದವಳು ಹೆಂಡತಿ. ಇಲ್ಲಿ ಅವಳಿಗೆ ಮಾತು ಬಂದಿದೆ, ಗಂಡ ಮಾತ್ರ ವೇದಿಕೆಯಿಂದ ಇಳಿಯುವುದೇ ಇಲ್ಲ. ಜರ್ಜರಿತಳಾದ ಹೆಣ್ಣನ್ನು ಗಂಡಿನ ತಾಳ್ಮೆಯೇ ಉದ್ಧರಿಸುತ್ತದೆಂಬ ಚಿತ್ರ ಅಪಾಯಕಾರಿ ಎಂದು ಆಕ್ಷೇಪಿಸಿದವರಿದ್ದಾರೆ. ಆಕ್ಷೇಪ ಸರಿಯೇ. ಕೊನೆಯ ಬಾರಿ ಓಡಿಹೋದ ಏಂಜಲ್ ಮೂರು ವರ್ಷ ತನ್ನ ಕಾಲ ಮೇಲೆ ನಿಂತು, ತನ್ನಂಥ ಹುಡುಗಿಯರಿಗೆ ಆಸರೆ ಕಟ್ಟಿ, ಆಮೇಲೆ ತಾನಾಗಿ ಹಿಂದಿರುಗುತ್ತಾಳೆ ಎಂಬುದನ್ನು ಆಕ್ಷೇಪಿಸುವವರು ಮರೆಯಬಾರದು. ಅವಳಿಗೂ ಮೂರೇ ವರ್ಷ, ನೋಡಿ.

ಇಲ್ಲಿ ಅನಕೃ ನೆನಪಾಗದೆ ಇರುವುದಿಲ್ಲ. ‘ನಗ್ನಸತ್ಯ’, ‘ಶನಿಸಂತಾನ’, ‘ಸಂಜೆಗತ್ತಲು’ ಬರೆದು ವೇಶ್ಯೆಯ ಬದುಕನ್ನು ಕನ್ನಡ ಕಾದಂಬರಿಗೆ ತಂದಾಗ ಅಶ್ಲೀಲ ಎಂಬ ಬೊಬ್ಬೆ ಎದ್ದಿತು. ಅನಕೃ ಬಗ್ಗಲಿಲ್ಲ, ಉತ್ತರವಾಗಿ ‘ಸಾಹಿತ್ಯ ಮತ್ತು ಕಾಮಪ್ರಚೋದನೆ’ ಎಂಬ ಪುಸ್ತಕವನ್ನೇ ಬರೆದರು. ರಿವರ್ಸ್ ಎರಡನೆಯ ಆವೃತ್ತಿಗೆ ಕತ್ತರಿ ಹಿಡಿದರು. ನನ್ನ ಒಲವು ಅನಕೃ ಕಡೆಗೆ. ಆದರೆ ರಿವರ್ಸ್ ಕತ್ತರಿ ಹಿಡಿದದ್ದು ಬೊಬ್ಬೆಗೆ ಹೆದರಿ ಎನ್ನಲು ಮನಸ್ಸಿಲ್ಲ. ಅವರ ಓದುಗರು ಯಾರೆಂಬುದು ಅಷ್ಟರಲ್ಲಿ ಬದಲಾಗಿತ್ತು.

ಆ ಓದುಗರ ಪರಂಪರೆ ಹಳೆಯದು. 1899ರಲ್ಲಿ ಗಂಡನನ್ನು ಕಳೆದುಕೊಂಡ ಗ್ರೇಸ್ ಲಿವಿಂಗ್‌ಸ್ಟನ್ ಹಿಲ್ ಇಬ್ಬರು ಹೆಣ್ಣುಮಕ್ಕಳನ್ನು ಸಾಕಲು ಭಕ್ತಿಭರಿತ ಪ್ರೇಮಕಥೆಗಳನ್ನು ಬರೆದು ಬರೆದು ನೂರು ದಾಟಿಸಿದರು. 1979ರಲ್ಲಿ ಕೆನಡಾದ ಜಾನೆಟ್ ಓಕ್ ಅವರ ‘ಲವ್ ಕಮ್ಸ್ ಸಾಫ್ಟ್‌ಲಿ’ ಬಂತು. ಮೊದಲು ಕಳುಹಿಸಿದ ಬ್ಯಾಂಟಮ್ ಅದನ್ನು ತಿರಸ್ಕರಿಸಿತ್ತು. ಮನೆಮಂದಿಯೆಲ್ಲ ಓದಬಹುದಾದ ಕಾದಂಬರಿ ಎಂದು ನಮ್ಮ ವಾರಪತ್ರಿಕೆಗಳು ಸಾಯಿಸುತೆ, ಉಷಾ ನವರತ್ನರಾಂ ಅವರ ಧಾರಾವಾಹಿಗಳನ್ನು ಕೊಟ್ಟ ಕಾಲ ನೆನಪಿರುವವರಿಗೆ ಈ ಓದುಗರು ಅಪರಿಚಿತರಲ್ಲ. ಸರ್ಕ್ಯುಲೇಟಿಂಗ್ ಲೈಬ್ರರಿಯಿಂದ ತಂದು, ಒಲೆಯ ಮುಂದೆ ಕೂತು ಓದಿ, ಸಂಜೆ ಪಕ್ಕದ ಮನೆಗೆ ದಾಟಿಸುತ್ತಿದ್ದ ಹೆಂಗಸರು. ವಿಮರ್ಶಕರು ಆ ಓದನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ನಾನೂ ಹಿಡಿದವನಲ್ಲ.

ರಿವರ್ಸ್ ಬರೆಯುವ ಕ್ರಮ ಸರಳ. ಪ್ರತಿ ಕಾದಂಬರಿಯೂ ತನ್ನನ್ನು ಕಾಡುವ ಒಂದು ಪ್ರಶ್ನೆಯಿಂದ ಹುಟ್ಟುತ್ತದೆ ಎನ್ನುತ್ತಾರೆ. ಒಂದೊಂದು ಪಾತ್ರ ಆ ಪ್ರಶ್ನೆಯನ್ನು ಒಂದೊಂದು ಕಡೆಯಿಂದ ನೋಡುತ್ತದೆ. ನಂಬದ ಮನೆಯವರ ನಡುವೆ ನಂಬಿಕೆಯನ್ನು ಹೇಗೆ ಹೇಳುವುದು ಎಂಬುದರಿಂದ 1993ರ ‘ಎ ವಾಯ್ಸ್ ಇನ್ ದ ವಿಂಡ್’ ಬಂತು. ಯೆರೂಸಲೇಮ್ ಬಿದ್ದ ಮೇಲೆ ರೋಮಿನಲ್ಲಿ ಗುಲಾಮಳಾದ ಹದಸ್ಸಳ ಕಥೆ. 1997ರ ‘ದ ಅಟೋನ್‌ಮೆಂಟ್ ಚೈಲ್ಡ್’ ಇನ್ನೂ ಹತ್ತಿರದ್ದು. ಕಾಲೇಜಿನ ದಿನಗಳಲ್ಲಿ ತಾನು ಮಾಡಿಸಿಕೊಂಡ ಗರ್ಭಪಾತದ ಬಗ್ಗೆ ರಿವರ್ಸ್ ಬಹಿರಂಗವಾಗಿ ಮಾತಾಡಿದ್ದಾರೆ. ಆ ನೋವು ಅತ್ಯಾಚಾರದಿಂದ ಬಸುರಾದ ಹುಡುಗಿಯ ಕಥೆಯಾಯಿತು. ಅಲ್ಲಿ ಉತ್ತರ ಮೊದಲೇ ತೀರ್ಮಾನವಾಗಿದೆ, ನನಗೆ ಅದು ಒಪ್ಪಿಗೆಯಿಲ್ಲ. ಆದರೂ ಅಮ್ಮ, ಅಜ್ಜಿ ವರ್ಷಗಟ್ಟಲೆ ಬಚ್ಚಿಟ್ಟ ಗುಟ್ಟುಗಳು ಬಿಚ್ಚಿಕೊಳ್ಳುವ ಪುಟಗಳನ್ನು ಓದುವಾಗ ನಾನು ವಾದ ಮಾಡುವುದನ್ನು ಮರೆತಿದ್ದೆ.

2022ರಲ್ಲಿ ‘ರಿಡೀಮಿಂಗ್ ಲವ್’ ಸಿನಿಮಾ ಆಯಿತು, ಚಿತ್ರಕಥೆಯಲ್ಲಿ ರಿವರ್ಸ್ ಅವರ ಕೈಯೂ ಇತ್ತು. ಭಕ್ತರಿಗೆ ಮೈ ಹೆಚ್ಚಾಯಿತು, ಉಳಿದವರಿಗೆ ಉಪದೇಶ ಹೆಚ್ಚಾಯಿತು.

ಓದಿ ಮುಗಿಸಿದ ಮೇಲೆ ನಮ್ಮದೇ ಕಪಾಟಿನತ್ತ ನೋಡಿದೆ. 2025ರ ಜನವರಿಯಲ್ಲಿ ನಮ್ಮನ್ನಗಲಿದ ನಾ. ಡಿಸೋಜ ‘ಇಗರ್ಜಿಯ ಸುತ್ತಲಿನ ಹತ್ತು ಮನೆಗಳು’ ಬರೆದು ಮಲೆನಾಡಿನ ಕ್ರೈಸ್ತ ಮನೆಗಳ ಬಾಗಿಲು ತೆರೆದು ತೋರಿಸಿದ್ದರು. ಆ ಮನೆಗಳ ಒಳಕೋಣೆಯ ಪ್ರೀತಿ, ಜಗಳ, ಪ್ರಾರ್ಥನೆ ಮೂರೂ ಕೂಡಿದ ಕಥೆ ನಮ್ಮ ಪತ್ರಿಕೆಗೆ ಇತ್ತೀಚಿನ ವರ್ಷಗಳಲ್ಲಿ ಒಂದೂ ಬಂದಿಲ್ಲ. ಬರೆದಿಟ್ಟವರು ಯಾರಾದರೂ ಇದ್ದರೆ ಕಳುಹಿಸಿ. ಮೂರು ಸಾವಿರ ಪದ ಮೀರದಿರಲಿ. ದೇವರ ಮಾತಿಗೆ ಬೇರೆ ಅಕ್ಷರ ಜೋಡಿಸುವ ಅನುಕೂಲ ನಮ್ಮ ಮುದ್ರಣಾಲಯದಲ್ಲಿಲ್ಲ.