ವಾಕ್ಯ ಕದ್ದವರು ಯಾರು?

ನಮ್ಮ ಸಭೆಯ ವಾಟ್ಸ್ಯಾಪ್ ಗುಂಪಿಗೆ ವರ್ಷಕ್ಕೆ ಎರಡು ಸಲವಾದರೂ ಒಂದು ಸಂದೇಶ ಬರುತ್ತದೆ. ಹೊಸ ಇಂಗ್ಲಿಷ್ ಬೈಬಲ್‌ಗಳಿಂದ ದೇವರ ವಾಕ್ಯಗಳನ್ನು ಕದ್ದಿದ್ದಾರೆ, ಬೇಕಾದರೆ ಮತ್ತಾಯ 17:21 ತೆಗೆದು ನೋಡಿ, ಕೂಡಲೇ ಹತ್ತು ಜನರಿಗೆ ಕಳುಹಿಸಿ ಅಂತ. ಕಳೆದ ಮಳೆಗಾಲದಲ್ಲಿ ಅದು ಮತ್ತೆ ಬಂದಾಗ ನನ್ನ ಸಂಡೆ ಸ್ಕೂಲಿನ ಒಬ್ಬ ಹುಡುಗಿ, ಪಿಯುಸಿ ಓದುತ್ತಿರುವವಳು, ನಿಜವಾಗಿಯೂ ತೆಗೆದು ನೋಡಿದಳು. ಅವಳ ಕೈಲಿದ್ದ ಎನ್‌ಐವಿಯಲ್ಲಿ 20ನೆಯ ವಾಕ್ಯದ ನಂತರ ಓದಲು ಸಿಗುವುದು 22ನೆಯದು. 21 ಇರಬೇಕಾದ ಕಡೆ ಅಡಿಟಿಪ್ಪಣಿಯ ಒಂದು ಗುರುತು ಮಾತ್ರ. ಮನೆಯಲ್ಲಿದ್ದ ಅಜ್ಜನ ಕಿಂಗ್ ಜೇಮ್ಸ್ ಬೈಬಲಿನಲ್ಲಿ ಆ ವಾಕ್ಯ ಇದೆ. ಭಾನುವಾರ ಆರಾಧನೆ ಮುಗಿದ ಮೇಲೆ ಅವಳು ಎರಡನ್ನೂ ಹಿಡಿದುಕೊಂಡು ಬಂದಳು. ನಾನು ಬಾಯಿ ತೆರೆಯುವ ಮೊದಲೇ ಪಕ್ಕದಲ್ಲಿದ್ದ ಹಿರಿಯರೊಬ್ಬರು, ‘ಅದು ಸೈತಾನನ ಕೆಲಸ ಮಗಳೇ, ಆ ಆ್ಯಪ್ ತೆಗೆದುಹಾಕು’ ಅಂದರು. ಅವಳು ತಲೆಯಾಡಿಸಿ ಹೋದಳು. ನಾನೂ ಸುಮ್ಮನಿದ್ದೆ. ಆ ಮೌನಕ್ಕೆ ಇದು ನನ್ನ ತಪ್ಪೊಪ್ಪಿಗೆ ಅಂತಲೇ ತಿಳಿಯಿರಿ.

ಮೊದಲು ಕಳ್ಳತನದ ತನಿಖೆ ಆಗಲಿ. ಆ 21ನೆಯ ವಾಕ್ಯದಲ್ಲಿರುವುದು ಪ್ರಾರ್ಥನೆ ಮತ್ತು ಉಪವಾಸದ ಮಾತು. ನಮಗೆ ಸಿಕ್ಕಿರುವ ಅತ್ಯಂತ ಹಳೆಯ ಪೂರ್ಣ ಗ್ರೀಕ್ ಪ್ರತಿಗಳಾದ 4ನೆಯ ಶತಮಾನದ ಸಿನಾಯಿಟಿಕಸ್, ವ್ಯಾಟಿಕಾನಸ್ ಎರಡರಲ್ಲೂ ಮತ್ತಾಯದ ಆ ಜಾಗದಲ್ಲಿ ಅದು ಇರಲಿಲ್ಲ. ಅದೇ ಕತೆ ಮಾರ್ಕನಲ್ಲಿಯೂ ಬರುತ್ತದೆ, ಅಲ್ಲಿ 9:29ರಲ್ಲಿ ಪ್ರಾರ್ಥನೆಯ ಮಾತು ಇದೆ. ಮಾರ್ಕನ ಸುವಾರ್ತೆ ಬಾಯಿಪಾಠವಾಗಿದ್ದ ಯಾವನೋ ಲಿಪಿಕಾರ ಮತ್ತಾಯವನ್ನು ಪ್ರತಿ ಮಾಡುವಾಗ ಇಲ್ಲಿ ಬಿಟ್ಟುಹೋಗಿದೆ ಎಂದು ಭಾವಿಸಿ ಸೇರಿಸಿದ. ಇನ್ನು ವಾಕ್ಯಗಳಿಗೆ ಸಂಖ್ಯೆ ಕೊಟ್ಟದ್ದು ಬಹಳ ತಡವಾಗಿ, ರೋಬೆರ್ ಎಸ್ಟಿಯೆನ್ ಎಂಬ ಮುದ್ರಕ, 1551ರಲ್ಲಿ. ಅವನ ಮುಂದಿದ್ದ ಪಾಠದಲ್ಲಿ ಆ ವಾಕ್ಯ ಇತ್ತು, ಹಾಗಾಗಿ ಅದಕ್ಕೂ ಒಂದು ಸಂಖ್ಯೆ ಬಿತ್ತು. ಈಗ ವಾಕ್ಯ ಅಡಿಟಿಪ್ಪಣಿಗೆ ಇಳಿದಿದೆ, ಅದರ ಜಾಗ ಖಾಲಿ ಉಳಿದಿದೆ. ಯಾರೂ ಕದ್ದಿಲ್ಲ. ಒಬ್ಬ ಭಕ್ತ ಭಕ್ತಿಯಿಂದಲೇ ಸೇರಿಸಿದ್ದನ್ನು ಇನ್ನೊಂದಿಷ್ಟು ಭಕ್ತರು ಶ್ರದ್ಧೆಯಿಂದ ಬಿಡಿಸಿದ್ದಾರೆ, ಬಿಡಿಸಿದ್ದನ್ನು ಪುಟದ ಕೆಳಗೆ ಬರೆದೂ ಇಟ್ಟಿದ್ದಾರೆ. ಕದ್ದವನು ರಶೀದಿ ಕೊಟ್ಟು ಹೋಗುತ್ತಾನೆಯೇ?

ಇದಕ್ಕಿಂತ ದೊಡ್ಡ ಪ್ರಕರಣ ಮೊದಲನೆಯ ಯೋಹಾನನ ಪತ್ರಿಕೆಯದು. 5ನೆಯ ಅಧ್ಯಾಯದಲ್ಲಿ ಪರಲೋಕದಲ್ಲಿ ಸಾಕ್ಷಿ ಹೇಳುವ ಮೂವರ ಬಗ್ಗೆ ಒಂದು ಮಾತಿದೆ, ತ್ರಯೇಕ ದೇವರ ಬೋಧೆಗೆ ಹೇಳಿ ಮಾಡಿಸಿದಂತಿದೆ. ಎರಾಸ್ಮಸ್ 1516ರಲ್ಲಿ ಗ್ರೀಕ್ ಹೊಸ ಒಡಂಬಡಿಕೆಯನ್ನು ಅಚ್ಚು ಹಾಕಿಸಿದಾಗ ಅದನ್ನು ಸೇರಿಸಲಿಲ್ಲ, 1519ರ ಆವೃತ್ತಿಯಲ್ಲಿಯೂ ಇಲ್ಲ. ಅವನು ನೋಡಿದ ಗ್ರೀಕ್ ಪ್ರತಿಗಳಲ್ಲಿ ಅದು ಇರಲಿಲ್ಲ, ಲ್ಯಾಟಿನ್‌ನಲ್ಲಿ ಮಾತ್ರ ಇತ್ತು. ದೊಡ್ಡ ಗಲಾಟೆಯಾಯಿತು. ಆಮೇಲೆ ಆ ಮಾತಿರುವ ಒಂದು ಗ್ರೀಕ್ ಪ್ರತಿ ಎದುರಿಗೆ ಬಂತು, ಬಹಳ ಹೊಸದಾಗಿ ಬರೆದದ್ದು. ಎರಾಸ್ಮಸ್ ತನ್ನ ಅನುಮಾನವನ್ನು ಬರೆದಿಟ್ಟೇ 1522ರ ಆವೃತ್ತಿಯಲ್ಲಿ ಸೇರಿಸಿದ. ಅಲ್ಲಿಂದ ಅದು 1611ರ ಕಿಂಗ್ ಜೇಮ್ಸ್‌ಗೆ ಬಂತು. 1881ರ ಇಂಗ್ಲಿಷ್ ಪರಿಷ್ಕರಣದಲ್ಲಿ ಹೊರಗೆ ಹೋಯಿತು. ಇದೇ ಎರಾಸ್ಮಸ್‌ಗೆ ಪ್ರಕಟನೆಯ ಪುಸ್ತಕಕ್ಕೆ ಸಿಕ್ಕಿದ್ದ ಒಂದೇ ಪ್ರತಿಯಲ್ಲಿ ಕೊನೆಯ ಹಾಳೆ ಇರಲಿಲ್ಲ. ಅಲ್ಲಿನ ಕೆಲವು ವಾಕ್ಯಗಳನ್ನು ಲ್ಯಾಟಿನ್‌ನಿಂದ ತಾನೇ ಗ್ರೀಕ್‌ಗೆ ತಿರುಗಿಸಿ ಹಾಕಿದ! ನಮ್ಮ ಹಿರಿಯರು ಕದಲದ ಬಂಡೆ ಎಂದು ಕರೆಯುವ ಪಾಠದಲ್ಲಿ ಹೀಗೆ ಕೈಯಿಂದ ಮೆತ್ತಿದ ಗಾರೆಯೂ ಇದೆ.

ಇದನ್ನೆಲ್ಲ ಹೇಳಿದರೆ ನಂಬಿಕೆ ಕೆಡುತ್ತದೆ ಎನ್ನುವವರಿಗೆ ಒಂದು ಹಳೆಯ ಕತೆ ಇದೆ. 4ನೆಯ ಶತಮಾನದ ಕೊನೆಗೆ ಜೆರೋಮ್ ಹಳೆಯ ಒಡಂಬಡಿಕೆಯನ್ನು ನೇರ ಹೀಬ್ರೂವಿನಿಂದ ಲ್ಯಾಟಿನ್‌ಗೆ ತರಲು ಕೂತ. ಅಲ್ಲಿಯವರೆಗೆ ಸಭೆಗಳು ಓದುತ್ತಿದ್ದುದು ಸೆಪ್ಟುಅಜಿಂಟ್ ಎಂಬ ಗ್ರೀಕ್ ಅನುವಾದದಿಂದ ಬಂದ ಲ್ಯಾಟಿನ್. ಈಗಿನ ಲಿಬಿಯಾದ ಟ್ರಿಪೊಲಿ ಇರುವ ಕಡೆ, ಆಗಿನ ಓಯಾ ಪಟ್ಟಣದಲ್ಲಿ, ಒಬ್ಬ ಬಿಷಪ್ ಜೆರೋಮನ ಹೊಸ ಅನುವಾದದಿಂದ ಯೋನನ ಪುಸ್ತಕ ಓದಿಸಿದ. ಯೋನನ ತಲೆಯ ಮೇಲೆ ನೆರಳಾಗಿ ಬೆಳೆದ ಗಿಡ ಜನರ ಕಿವಿಯಲ್ಲಿ ತಲೆಮಾರುಗಳಿಂದ ಸೋರೆಯಾಗಿತ್ತು. ಜೆರೋಮ್ ಅದನ್ನು ಐವಿ ಬಳ್ಳಿ ಮಾಡಿದ್ದ. ಸಭೆ ದಂಗೆಯೆದ್ದಿತು. ಬಿಷಪ್ ಊರಿನ ಯೆಹೂದ್ಯರನ್ನು ಕೇಳಬೇಕಾಯಿತು, ಕೊನೆಗೆ ಸಭೆ ಕೈತಪ್ಪದಿರಲೆಂದು ಹಳೆಯ ಪಾಠಕ್ಕೇ ಮರಳಿದ. ಇದನ್ನು ಅಗಸ್ಟೀನನೇ ಜೆರೋಮನಿಗೆ ಬರೆದ ಕಾಗದದಲ್ಲಿ ದೂರಿನ ಹಾಗೆ ಹೇಳುತ್ತಾನೆ. ಇಬ್ಬರೂ ಸಂತರು, ಇಬ್ಬರೂ ಸಭೆಯ ಆಧಾರಸ್ತಂಭಗಳು, ಜಗಳ ಒಂದು ಗಿಡದ ಹೆಸರಿಗೆ. ತಮಾಷೆಯೆಂದರೆ ಹೀಬ್ರೂವಿನ ಆ ಗಿಡ ಸೋರೆಯೂ ಅಲ್ಲ, ಐವಿಯೂ ಅಲ್ಲ, ನಮ್ಮ ಹೊಲದ ಬದುವಿನಲ್ಲಿ ಬೆಳೆಯುವ ಔಡಲ ಇರಬೇಕು ಎಂಬುದು ಈಗ ಬಹುಮಟ್ಟಿನ ವಿದ್ವಾಂಸರ ಊಹೆ.

ಅಂದು ಹೊಸತನ ತಂದ ಅಪರಾಧಿ ಜೆರೋಮ್. ಅವನ ಹೆಸರಿನ ವಲ್ಗೇಟನ್ನೇ ಟ್ರೆಂಟ್ ಪರಿಷತ್ತು 1546ರಲ್ಲಿ ಅಧಿಕೃತ ಎಂದು ಸಾರಿತು. ನಂತರ ಪೋಪ್ ಐದನೆಯ ಸಿಕ್ಸ್ಟಸ್ ತಾನೇ ಕೂತು ತಿದ್ದಿ 1590ರಲ್ಲಿ ಇದೇ ಅಂತಿಮ ಎಂದು ಹೊರಡಿಸಿದ ಆವೃತ್ತಿಯಲ್ಲಿ ಎಷ್ಟು ತಪ್ಪುಗಳಿದ್ದವೆಂದರೆ, ಅವನು ತೀರಿಕೊಂಡ ಮೇಲೆ ಅದನ್ನು ಹಿಂದಕ್ಕೆ ಪಡೆದು 1592ರಲ್ಲಿ ಬೇರೊಂದನ್ನು ತಂದರು. ಕಿಂಗ್ ಜೇಮ್ಸ್ ಮಾತ್ರವೇ ದೇವರ ವಾಕ್ಯ ಎಂಬ ಪಂಗಡ ಅಮೆರಿಕದಲ್ಲಿದೆ. ಅವರ ಕರಪತ್ರಗಳು ನಮ್ಮೂರಿಗೂ ಬರುತ್ತವೆ. ಆದರೆ ಆ 1611ರ ಅನುವಾದಕರೇ ಮುನ್ನುಡಿಯಲ್ಲಿ, ಹಳೆಯದನ್ನು ಯಾಕೆ ತಿದ್ದುತ್ತೀರಿ ಎಂಬ ದೂರಿಗೆ ಉತ್ತರ ಕೊಟ್ಟು ಸಾಕಾಗಿದ್ದಾರೆ. ಖಚಿತವಿಲ್ಲದ ಕಡೆ ಬೇರೆ ಅರ್ಥವನ್ನು ಅಂಚಿನಲ್ಲಿ ಬರೆದಿದ್ದೇವೆ, ಅದು ಒಳ್ಳೆಯದೇ ಎಂದೂ ವಾದಿಸಿದ್ದಾರೆ. ಅವರನ್ನು ಪೂಜಿಸುವವರು ಅವರ ಮುನ್ನುಡಿಯನ್ನೇ ಓದುವುದಿಲ್ಲ. ಓದುವುದು ಕಷ್ಟವೂ ಹೌದು, ಈಗಿನ ಬಹುತೇಕ ಮುದ್ರಣಗಳಲ್ಲಿ ಆ ಮುನ್ನುಡಿಯೇ ಇರುವುದಿಲ್ಲ.

ಇಲ್ಲಿಯವರೆಗೆ ನನ್ನ ಸಭೆಯವರ ಜೊತೆ ಜಗಳ. ಈಗ ಸಾಹಿತ್ಯದ ಗೆಳೆಯರ ಕಡೆ ತಿರುಗುತ್ತೇನೆ. ಬೈಬಲ್ ಮಾತು ಬಂದರೆ ಸಾಕು, ‘ಅದು ಅನುವಾದದ ಅನುವಾದದ ಅನುವಾದ ಮಾರಾಯ, ಮೂಲ ಎಲ್ಲಿ ಉಳಿದಿದೆ?’ ಎನ್ನುತ್ತಾರೆ. ಇವರು ಎಂ.ಎ.ಯಲ್ಲಿ ನನ್ನ ಜೊತೆಯೇ ಡಿ.ಎಲ್. ನರಸಿಂಹಾಚಾರ್ಯರ ‘ಕನ್ನಡ ಗ್ರಂಥ ಸಂಪಾದನೆ’ ಓದಿದವರು. ಪಾಠಾಂತರ, ಪ್ರಕ್ಷೇಪ, ಲಿಪಿಕಾರನ ಕೈತಪ್ಪು ಎಲ್ಲವನ್ನೂ ಅರೆದು ಕುಡಿದವರು. ಪುಣೆಯ ಭಂಡಾರ್ಕರ್ ಸಂಸ್ಥೆ ಮಹಾಭಾರತದ ಸಂಶೋಧಿತ ಆವೃತ್ತಿ ತಂದಾಗ ಎಷ್ಟೋ ಶ್ಲೋಕಗಳು ಅಡಿಟಿಪ್ಪಣಿಗೆ ಇಳಿದವು, ಅದನ್ನು ವಿದ್ವತ್ತು ಎಂದು ಕೈಮುಗಿಯುತ್ತೇವೆ. ಬೈಬಲಿಗೆ ಅದೇ ಕೆಲಸ ನಡೆದರೆ ಮೋಸದ ಪುರಾವೆಯಾಗುವುದು ಹೇಗೆ? ಕೇಶಿರಾಜನ ಶಬ್ದಮಣಿದರ್ಪಣವನ್ನು 1872ರಲ್ಲಿ ಮಂಗಳೂರಿನಲ್ಲಿ ಸಂಪಾದಿಸಿ ಅಚ್ಚು ಹಾಕಿಸಿದ ಕಿಟೆಲ್ ಕೂಡ ಬಾಸೆಲ್ ಮಿಶನ್ನಿನ ಪಾದ್ರಿಯೇ ಅಲ್ಲವೇ?

ಗ್ರೀಕ್ ಹೊಸ ಒಡಂಬಡಿಕೆಯ, ತುಣುಕುಗಳೂ ಸೇರಿ, 5,000ಕ್ಕೂ ಹೆಚ್ಚು ಕೈಬರಹದ ಪ್ರತಿಗಳಿವೆ. ಈಗಿನ ಪ್ರಮುಖ ಅನುವಾದಗಳು ಇಂಗ್ಲಿಷಿನಿಂದಲೋ ಲ್ಯಾಟಿನ್‌ನಿಂದಲೋ ಸರಪಳಿಯಾಗಿ ಬಂದವಲ್ಲ, ಹೀಬ್ರೂ ಮತ್ತು ಗ್ರೀಕ್‌ಗೆ ಹಿಂದಿರುಗಿ ಮಾಡಿದವು. 1947ರಿಂದ ಕುಮ್ರಾನ್ ಗವಿಗಳಲ್ಲಿ ಸಿಕ್ಕ ಸುರುಳಿಗಳಲ್ಲಿ ಯೆಶಾಯನ ಪುಸ್ತಕ ಇಡಿಯಾಗಿ ಇತ್ತು, ಅದುವರೆಗೆ ತಿಳಿದಿದ್ದ ಹೀಬ್ರೂ ಪ್ರತಿಗಳಿಗಿಂತ ಸುಮಾರು ಸಾವಿರ ವರ್ಷ ಹಳೆಯದು. ಸಣ್ಣಪುಟ್ಟ ವ್ಯತ್ಯಾಸ ಬಿಟ್ಟರೆ ಅದೇ ಯೆಶಾಯ. ನಮ್ಮ ಹಿರಿಯರು ಇಷ್ಟಕ್ಕೇ ಚಪ್ಪಾಳೆ ತಟ್ಟಿ ಎದ್ದುಬಿಡುತ್ತಾರೆ. ಅದೇ ಗವಿಗಳಲ್ಲಿ ಯೆರೆಮೀಯನ ಹೀಬ್ರೂ ತುಣುಕುಗಳೂ ಸಿಕ್ಕವು. ಅವುಗಳಲ್ಲಿ ಕೆಲವು ನಮ್ಮ ಹೀಬ್ರೂ ಪಾಠಕ್ಕಲ್ಲ, ಎಂಟರಲ್ಲಿ ಒಂದು ಪಾಲು ಚಿಕ್ಕದಾದ ಗ್ರೀಕ್ ಯೆರೆಮೀಯನಿಗೆ ಹೊಂದುತ್ತವೆ. ಅಂದರೆ ಯೇಸುವಿನ ಕಾಲಕ್ಕೂ ಮೊದಲೇ ಎರಡು ಯೆರೆಮೀಯಗಳಿದ್ದವು. ಎರಡನ್ನೂ ದೇವರ ವಾಕ್ಯ ಎಂದು ಓದಿದ ಜನ ಇದ್ದರು.

ಮುಸ್ಲಿಮರಿಗೆ ಅರಬಿಯ ಕುರಾನೇ ಕುರಾನು, ಉಳಿದ ಭಾಷೆಗಳಲ್ಲಿರುವುದು ಅದರ ಅರ್ಥ. ಕ್ರೈಸ್ತರಿಗೆ ಆ ಅನುಕೂಲ ಎಂದೂ ಇರಲಿಲ್ಲ. ಯೇಸು ಆಡಿದ್ದು ಅರಮಾಯಿಕ್, ಸುವಾರ್ತೆಗಳು ಬರೆದಿರುವುದು ಗ್ರೀಕ್. ಆ ಬಾಯಿಂದ ಬಂದ ಮೂಲ ಶಬ್ದಗಳೆಂದು ಉಳಿದಿರುವುದು ‘ತಲಿಥಾ ಕೂಮ್’ನಂಥ ಬೆರಳೆಣಿಕೆಯವು. ಮಿಕ್ಕೆಲ್ಲ ಮೊದಲ ಪುಟದಿಂದಲೇ ಅನುವಾದ. ಹಾಗಾಗಿ ಒಂದು ಚುಕ್ಕೆಯೂ ಬದಲಾಗಿಲ್ಲ ಎಂಬ ನಮ್ಮವರ ಹೆಮ್ಮೆಗೂ ಎಲ್ಲ ಕೆಟ್ಟುಹೋಗಿದೆ ಎಂಬ ಅವರ ತಿರಸ್ಕಾರಕ್ಕೂ ಒಂದೇ ಅಜ್ಞಾನ ಬೇರು. ಇಬ್ಬರಿಗೂ ಅನುವಾದ ಅಂದರೆ ಜೆರಾಕ್ಸ್.

ಕನ್ನಡದಲ್ಲಿ ಕೂತು ಒಂದು ಪುಟ ಅನುವಾದಿಸಿ ನೋಡಲಿ, ಇಬ್ಬರ ಸೊಕ್ಕೂ ಇಳಿಯುತ್ತದೆ. 1810ರಲ್ಲಿ ಬಳ್ಳಾರಿಗೆ ಬಂದ ಲಂಡನ್ ಮಿಶನ್ನಿನ ಜಾನ್ ಹ್ಯಾಂಡ್ಸ್, ವಿಲಿಯಂ ರೀವ್ ಮೊದಲಾದವರ ಕೈಯಲ್ಲಿ ಇಡೀ ಬೈಬಲ್ ಕನ್ನಡಕ್ಕೆ ಬರಲು 1831 ಆಯಿತು. ಶಾಯಿ ಆರುವ ಮೊದಲೇ ಎನ್ನುವ ಹಾಗೆ ಬಾಸೆಲ್ ಮಿಶನ್ನಿನ ವೈಗ್ಲೆ ಅದರ ಪರಿಷ್ಕರಣಕ್ಕೆ ಕೂತರು. ಗ್ರೀಕ್‌ನಲ್ಲಿ ‘ಹೇಳಿದನು’, ‘ಹೇಳಿದರು’ ಎಂಬ ಮರ್ಯಾದೆಯ ಭೇದವೇ ಇಲ್ಲ. ಕನ್ನಡದಲ್ಲಿ ಅದನ್ನು ತಪ್ಪಿಸಿಕೊಂಡು ಒಂದು ಸಾಲೂ ಬರೆಯಲಾಗದು. ಹಳೆಯ ಸತ್ಯವೇದದಲ್ಲಿ ಯೇಸು ಏಕವಚನ. ಈಚಿನ ಸರಳ ಅನುವಾದದಲ್ಲಿ ಬಹುವಚನ. ದೇವರನ್ನು ನೀನು ಎಂದೇ ಕರೆದ ಶರಣರ, ದಾಸರ ನಾಡಿನಲ್ಲಿ ಮೊದಲನೆಯದು ಸಲಿಗೆಯ ಭಕ್ತಿ, ಗುರುವಿಗೆ ಏಕವಚನ ಹಾಕದ ಮನೆಯವರಿಗೆ ಎರಡನೆಯದು ಸಹಜ. ಯಾವುದು ನಿಖರ? ಕಾನಾ ಊರಿನ ಮದುವೆಯಲ್ಲಿ ಯೇಸು ತಾಯಿಯನ್ನು ಕರೆಯುವ ಗ್ರೀಕ್ ಪದದ ನೇರ ಅರ್ಥ ‘ಹೆಂಗಸೇ’. ಹಾಗೆ ಬರೆದರೆ ಮಗ ಒರಟನಾಗುತ್ತಾನೆ, ಗ್ರೀಕ್‌ನಲ್ಲಿ ಆ ಒರಟುತನ ಇಲ್ಲ. ‘ಅಮ್ಮಾ’ ಎಂದರೆ ಅಲ್ಲಿರುವ ದೂರ ಅಳಿಸಿಹೋಗುತ್ತದೆ. ತುಳುವಿಗೆ ತಂದವರ ಪಾಡು ಇನ್ನೂ ಕಷ್ಟ. ಬಿರುಗಾಳಿಯಲ್ಲಿ ದೋಣಿ ಮುಳುಗುವಾಗ ಶಿಷ್ಯರು ನಾವು ಸಾಯುತ್ತೇವೆ ಎಂದು ಯೇಸುವನ್ನು ಎಬ್ಬಿಸುತ್ತಾರೆ. ಆ ‘ನಾವು’ ತುಳುವಿನಲ್ಲಿ ‘ನಮ’ವೋ ‘ಎಂಕುಲು’ವೋ? ಮೊದಲನೆಯದಾದರೆ ಯೇಸುವೂ ಮುಳುಗುವವರಲ್ಲಿ ಒಬ್ಬ, ಎರಡನೆಯದಾದರೆ ಅಲ್ಲ. ಗ್ರೀಕ್ ಇದಕ್ಕೆ ಉತ್ತರ ಕೊಡುವುದಿಲ್ಲ. ಅನುವಾದಕ ತನ್ನ ನಂಬಿಕೆಯಿಂದಲೇ ಕೊಡಬೇಕು.

ನನ್ನ ಬೇಡಿಕೆ ದೊಡ್ಡದೇನಲ್ಲ. ಈ ಅಡಿಟಿಪ್ಪಣಿಗಳನ್ನು ಪ್ರಸಂಗಪೀಠದಿಂದ ಓದಿ. ಯಾವ ವರ್ಷ ಯಾರು ಏನು ತಿದ್ದಿದರು ಎಂಬುದನ್ನು ಕನ್ನಡ ಬೈಬಲಿನ ಮೊದಲ ಹಾಳೆಗಳಲ್ಲಿ ಅಚ್ಚು ಹಾಕಿ. ಹದಿನೇಳು ವರ್ಷದವಳಿಗೆ ಸೈತಾನನ ಹೆಸರು ಹೇಳಿ ಫೋನ್ ಮುಚ್ಚಿಸಿದರೆ ಅವಳು ಅದೇ ಟಿಪ್ಪಣಿಯನ್ನು ನಾಳೆ ಕಾಲೇಜಿನಲ್ಲಿ ನಗುವವರ ಬಾಯಿಂದ ಕೇಳುತ್ತಾಳೆ. ಆಗ ಅವಳು ಬಿಡುವುದು 21ನೆಯ ವಾಕ್ಯ ಒಂದನ್ನೇ ಅಲ್ಲ.

ಮೂರು ವಾರ ಕಳೆದು ನಾನೇ ಅವಳನ್ನು ಕರೆದು ಮೇಲೆ ಬರೆದದ್ದನ್ನೆಲ್ಲ ಹೇಳಿದೆ. ಆ್ಯಪ್ ಅವಳು ತೆಗೆದಿರಲಿಲ್ಲ. ಪೂರ್ತಿ ಕೇಳಿ, ಫೋನ್ ನನ್ನ ಕಡೆ ತಿರುಗಿಸಿ, ‘ಹಾಗಾದ್ರೆ ಮಾರ್ಕ 16ರಲ್ಲಿ 8 ಆದ್ಮೇಲೂ ಏನೋ ಟಿಪ್ಪಣಿ ಹಾಕಿದ್ದಾರಲ್ಲ ಸರ್, ಇಲ್ಲೂ ಯಾರಾದ್ರೂ ಸೇರಿಸಿದ್ದಾ?’ ಎಂದಳು.