ಹಾವಿನ ಕಲ್ಲು ವಿಷ ಹೀರುತ್ತದೆಯೇ?

ಒಂದು ಮಳೆಗಾಲದ ಸಂಜೆ ಗದ್ದೆ ಕೆಲಸದವರೊಬ್ಬರನ್ನು ನನ್ನ ಕ್ಲಿನಿಕ್ಕಿಗೆ ಎತ್ತಿಕೊಂಡು ಬಂದರು. ಹಾವು ಕಚ್ಚಿದ್ದು ಬೆಳಿಗ್ಗೆ ಹತ್ತಕ್ಕೆ. ಇಷ್ಟು ಹೊತ್ತು ಎಲ್ಲಿದ್ದಿರಿ ಎಂದೆ. "ಕಲ್ಲು ಇಡಿಸಿದ್ದೆವು ಡಾಕ್ಟ್ರೇ, ಚೆನ್ನಾಗಿ ಅಂಟಿತ್ತು. ಬಿದ್ದ ಮೇಲೆ ಹೊರಟೆವು" ಎಂದರು ಅವರ ತಮ್ಮ. ಕಾಲು ಮೊಣಕಾಲಿನವರೆಗೆ ಊದಿತ್ತು, ವಸಡಿನಿಂದ ರಕ್ತ ಒಸರುತ್ತಿತ್ತು. ಕೊಳಕುಮಂಡಲದ ಕಡಿತ. ಕೂಡಲೇ ದೊಡ್ಡಾಸ್ಪತ್ರೆಗೆ ಕಳುಹಿಸಿದೆ. ಜೀವವೇನೋ ಉಳಿಯಿತು, ಆದರೆ ಮೂತ್ರಪಿಂಡ ಸೋತು ಡಯಾಲಿಸಿಸ್ ಬೇಕಾಯಿತು. ಅರ್ಧ ವಿಷವನ್ನು ಕಲ್ಲೇ ಹೀರಿತ್ತು ಎಂಬುದು ಆ ಮನೆಯವರ ಇಂದಿಗೂ ಇರುವ ನಂಬಿಕೆ.

ಹಾವಿನ ತಲೆಯಲ್ಲಿ ಹುಟ್ಟುತ್ತದೆ ಎನ್ನುವ ಈ ಕಲ್ಲನ್ನು ನೀವೂ ನೋಡಿರಬಹುದು. ಸಿನಿಮಾದ ನಾಗಮಣಿಯಂತೆ ಹೊಳೆಯುವುದಿಲ್ಲ; ಕಪ್ಪಗೆ, ನುಣ್ಣಗೆ, ಹುಣಸೆ ಬೀಜದಂತಿರುತ್ತದೆ. ಹಾವಿನ ತಲೆಯಲ್ಲಿ ಯಾವ ಕಲ್ಲೂ ಇಲ್ಲ. ಇಂಥವನ್ನು ಸಾಮಾನ್ಯವಾಗಿ ದನದ ಮೂಳೆ ಸುಟ್ಟು, ಉಜ್ಜಿ ಮಾಡುತ್ತಾರೆ. ಸುಟ್ಟ ಮೂಳೆಯ ತುಂಬ ಸಣ್ಣ ರಂಧ್ರಗಳು. ಹಸಿ ಗಾಯದ ಮೇಲಿಟ್ಟರೆ ರಕ್ತ ಹೀರಿ ಅಂಟುತ್ತದೆ, ರಂಧ್ರ ತುಂಬಿದಾಗ ಬೀಳುತ್ತದೆ. ಒದ್ದೆ ನಾಲಿಗೆಗೂ ಹಾಗೆಯೇ ಅಂಟುತ್ತದೆ. ನಾಲಿಗೆಯಲ್ಲಿ ಯಾವ ವಿಷವಿದೆ? (ಕೆಲವರ ನಾಲಿಗೆಯ ಮಾತು ಬೇರೆ.) ಆಮೇಲೆ ಹಾಲಿಗೆ ಹಾಕಿದಾಗ ಏಳುವ ಗುಳ್ಳೆ ವಿಷವಲ್ಲ, ರಂಧ್ರದೊಳಗಿನ ಗಾಳಿ. ಭಾರತದಿಂದ ಹೋದ ಇಂಥ ಕಲ್ಲುಗಳನ್ನು ಪರೀಕ್ಷಿಸಿ, ಇವುಗಳಿಂದ ಉಪಯೋಗವಿಲ್ಲವೆಂದು ಇಟಲಿಯ ವೈದ್ಯ ಫ್ರಾನ್ಸೆಸ್ಕೊ ರೆಡಿ 1671ರಲ್ಲೇ ಬರೆದಿದ್ದಾನೆ.

"ನಮ್ಮ ಮಾವನಿಗೆ ವಾಸಿಯಾಯಿತಲ್ಲ?" ಎಂದು ಕೇಳುವಿರಿ. ನಮ್ಮ ಸುತ್ತಲಿನ ಹೆಚ್ಚಿನ ಹಾವುಗಳಿಗೆ ವಿಷವೇ ಇಲ್ಲ. ನಾಗರಹಾವು ಕೂಡ ಕೆಲವೊಮ್ಮೆ ವಿಷ ಬಿಡದೆ ಕಚ್ಚುತ್ತದೆ. ಅಂಥವರಿಗೆ ಕಲ್ಲಿಟ್ಟರೂ ವಾಸಿ, ಇಡದಿದ್ದರೂ ವಾಸಿ. ಹೆಸರು ಮಾತ್ರ ಕಲ್ಲಿಗೆ! ನಿಜವಾಗಿ ವಿಷ ಏರಿದ್ದರೆ ಅದು ಆಗಲೇ ಮಾಂಸದೊಳಗೆ ಹರಡಿರುತ್ತದೆ, ಮೇಲಿನಿಂದ ಹೀರಲು ಸಿಗುವುದಿಲ್ಲ. ಕಲ್ಲು ಅಂಟಲೆಂದು ಬ್ಲೇಡಿನಿಂದ ಗೀರುವುದಂತೂ ಅಪಾಯ. ಕೊಳಕುಮಂಡಲದ ವಿಷಕ್ಕೆ ರಕ್ತ ಹೆಪ್ಪುಗಟ್ಟುವುದಿಲ್ಲ, ಗೀರಿದ ಗಾಯ ಸೋರುತ್ತಲೇ ಇರುತ್ತದೆ.

ಕಲ್ಲಿಡುವವರನ್ನು ನಾನು ಬೈಯುವುದಿಲ್ಲ. ಎಷ್ಟೋ ಜನ ಕಾಸು ಮುಟ್ಟುವುದಿಲ್ಲ, ನಡುರಾತ್ರಿ ಎಬ್ಬಿಸಿದರೂ ಬರುತ್ತಾರೆ, ಧೈರ್ಯ ಹೇಳುತ್ತಾರೆ. ನಮ್ಮ ಆಸ್ಪತ್ರೆಗಳು ದೂರ. ಹೋದರೆ ಔಷಧಿ ಇದೆಯೋ ಇಲ್ಲವೋ ಎಂಬ ಅನುಮಾನ ಬೇರೆ. ಈ ತಪ್ಪು ನಮ್ಮದೇ. ಆದರೂ ಅವರಲ್ಲಿ ಒಂದು ವಿನಂತಿ: ನಿಮ್ಮ ಮಾತನ್ನು ಊರು ಕೇಳುತ್ತದೆ. ಕಡಿತವಾದವರನ್ನು ಮೊದಲು ವಾಹನ ಹತ್ತಿಸಿ.

ಭಾರತದಲ್ಲಿ ವರ್ಷಕ್ಕೆ ಸುಮಾರು 58 ಸಾವಿರ ಜನ ಹಾವು ಕಡಿತದಿಂದ ಸಾಯುತ್ತಾರೆಂದು 2020ರ ಒಂದು ಅಧ್ಯಯನ ಅಂದಾಜಿಸಿತು. ಕರ್ನಾಟಕ ಸರ್ಕಾರ 2024ರಲ್ಲಿ ಇದನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕಾದ ವಿಷಯವೆಂದು ಘೋಷಿಸಿತು. ಇದಕ್ಕಿರುವ ಔಷಧಿ ಒಂದೇ, ಹಾವಿನ ವಿಷಕ್ಕೆ ಪ್ರತಿವಿಷ. ಅದು ಬೇಗ ಸಿಕ್ಕಷ್ಟೂ ಒಳ್ಳೆಯದು.

ಕಚ್ಚಿದ ಕಾಲನ್ನೋ ಕೈಯನ್ನೋ ಅಲುಗಾಡಿಸಬೇಡಿ. ಉಂಗುರ, ಕಾಲ್ಗೆಜ್ಜೆ ತೆಗೆಯಿರಿ. ಬಿಗಿಯಾಗಿ ಹಗ್ಗ ಕಟ್ಟಬೇಡಿ. ನೆಲದ ಮೇಲೆ ಮಲಗಿದ್ದವರಿಗೆ ರಾತ್ರಿ ಹೊಟ್ಟೆನೋವು ಬಂದು ರೆಪ್ಪೆ ಜೋತುಬಿದ್ದರೆ, ಗಾಯ ಕಾಣದಿದ್ದರೂ ಕಟ್ಟುಹಾವಿನ ಕಡಿತವಿರಬಹುದು, ಬೆಳಗಾಗಲೆಂದು ಕಾಯಬೇಡಿ. ನಿಮ್ಮೂರಿಗೆ ಹತ್ತಿರದ ಯಾವ ಆಸ್ಪತ್ರೆಯಲ್ಲಿ ಪ್ರತಿವಿಷ ಇರುತ್ತದೆ ಎಂಬುದನ್ನು ಈ ವಾರವೇ ವಿಚಾರಿಸಿ, ಗೋಡೆಯ ಕ್ಯಾಲೆಂಡರಿನ ಮೇಲೆ ಬರೆದಿಡಿ.