ಅಗೆಯುವ ಮೊದಲು ಅಳೆಯಬೇಕು

ನಂಜನಗೂಡು ಕಪಿಲೆಯ ದಡದಲ್ಲಿದೆ. ತಿರುಮಕೂಡಲು ನರಸೀಪುರವಂತೂ ಕಾವೇರಿ-ಕಪಿಲೆಗಳ ಸಂಗಮಸ್ಥಾನ. ಇಂತಹ ಊರುಗಳಲ್ಲಿ ಗೋಡೆಯ ಬುಡ ಒದ್ದೆಯಾದರೆ, ಹೊಳೆಯ ತಂಪೆಂದು ಸುಮ್ಮನಾಗುವವರುಂಟು. ತಳಪಾಯದ ಕೆಳಗೆ ಕೊಳಾಯಿ ಒಡೆದಿರಬೇಕೆಂದು ಒಡನೆಯೇ ಪಿಕಾಸಿ ಹಿಡಿಯುವವರೂ ಉಂಟು. ಇಬ್ಬರೂ ಊಹೆಯನ್ನೇ ನಂಬಿದವರು. ಅಗೆಯುವ ಮೊದಲು ಅಳೆಯಬೇಕೆಂಬುದು ನನ್ನ ವಾದ. ಅಳತೆಯ ಮೊದಲ ಹಂತವನ್ನು ವಿದ್ಯಾರ್ಥಿಗಳೇ ಮಾಡಬಲ್ಲರು.

ನೆಲದ ತೇವವು ಲೋಮನಾಳಾಕರ್ಷಣೆಯಿಂದ ಇಟ್ಟಿಗೆಯ ಸೂಕ್ಷ್ಮರಂಧ್ರಗಳೊಳಗೆ ತಾನಾಗಿಯೇ ಏರಬಲ್ಲುದು. ಆದುದರಿಂದ ತೇವ ಕಂಡಲ್ಲೆಲ್ಲ ಸೋರಿಕೆ ಇರಬೇಕಾದುದಿಲ್ಲ. ರಾತ್ರಿ ನಲ್ಲಿಗಳನ್ನೆಲ್ಲ ಮುಚ್ಚಿ, ಮೇಲ್ತೊಟ್ಟಿಗೆ ನೀರು ಬರುವುದನ್ನೂ ನಿಲ್ಲಿಸಿ, ನೀರಿನ ಮಟ್ಟವನ್ನು ಗುರುತಿಸಿರಿ. ಬೆಳಗ್ಗೆ ಮಟ್ಟ ಇಳಿದಿದ್ದರೆ, ಮರುರಾತ್ರಿ ತೊಟ್ಟಿಯ ಹೊರದಾರಿಯನ್ನೂ ಮುಚ್ಚಿ ನೋಡಿರಿ. ಆಗಲೂ ಇಳಿದರೆ ದೋಷ ತೊಟ್ಟಿಯದು, ಇಳಿಯದಿದ್ದರೆ ಕೊಳಾಯಿಯದು. ಬೀದಿಯಿಂದ ಮನೆಗೆ ಬರುವ ಕೊಳಾಯಿಯನ್ನು ಮೀಟರಿನಿಂದ ಪರೀಕ್ಷಿಸಬಹುದು: ನೀರು ಬರುವ ವೇಳೆಯಲ್ಲಿ ಒಳಗಿನ ದಾರಿಗಳನ್ನೆಲ್ಲ ಮುಚ್ಚಿದ ಮೇಲೂ ಮುಳ್ಳು ಚಲಿಸಿದರೆ ಸೋರಿಕೆ ಇದೆಯೆಂದರ್ಥ.

ಸಣ್ಣ ಸೋರಿಕೆಯೆಂದು ಉಪೇಕ್ಷಿಸಲಾಗದು. ಹದಿನೇಳನೆಯ ಶತಮಾನದ ಇಟಲಿಯ ಟೊರಿಚೆಲ್ಲಿಯ ನಿಯಮದಂತೆ, 5 ಮೀಟರ್ ಎತ್ತರದ ನೀರಿನ ಒತ್ತಡಕ್ಕೆ ಸಿಕ್ಕ 1 ಮಿಲಿಮೀಟರ್ ವ್ಯಾಸದ ರಂಧ್ರದಿಂದ, ಸುತ್ತಲಿನ ಮಣ್ಣು ತಡೆಯದಿದ್ದರೆ, ದಿನಕ್ಕೆ ಸುಮಾರು 400 ಲೀಟರ್ ನೀರು ಹೋಗುತ್ತದೆ. 2019ರಲ್ಲಿ ಆರಂಭವಾದ ಜಲ ಜೀವನ್ ಮಿಷನ್ ಹಳ್ಳಿಯ ಒಬ್ಬರಿಗೆ ದಿನಕ್ಕೆ ಗೊತ್ತುಪಡಿಸಿದ ಪ್ರಮಾಣ 55 ಲೀಟರ್. ಎಂದರೆ ಏಳು ಜನರ ನೀರು ಕಣ್ಣಿಗೆ ಕಾಣದೆ ಮಣ್ಣುಪಾಲು!

ಹೊಳೆ ಪಕ್ಕದಲ್ಲೇ ಇದೆಯಲ್ಲ ಎನ್ನುವಂತಿಲ್ಲ. ನೀರು ನಿಂತ ವೇಳೆಯಲ್ಲಿ ಬೀದಿಯ ಕೊಳಾಯಿಯೊಳಗಿನ ಒತ್ತಡ ಕುಗ್ಗಿ, ಅದೇ ರಂಧ್ರದ ಮೂಲಕ ಹೊರಗಿನ ಕೊಳೆನೀರು ಒಳಸೇರಬಲ್ಲುದು. ಇದಲ್ಲದೆ ಈ ತಾಲ್ಲೂಕುಗಳಲ್ಲಿ ಕೆಂಪುಮಣ್ಣಿನೊಡನೆ ಅಲ್ಲಲ್ಲಿ ಕಪ್ಪು ಎರೆಮಣ್ಣೂ ಉಂಟು. ಅದು ನೆನೆದರೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ತಳಪಾಯ ಅಲುಗಿ ಗೋಡೆ ಸೀಳುತ್ತದೆ.

ಸೋರಿಕೆ ಇದೆಯೆಂದು ಖಚಿತವಾದ ಮೇಲೆ ಸ್ಥಳವನ್ನು ಹುಡುಕಬೇಕು. ರಂಧ್ರದಿಂದ ಚಿಮ್ಮುವ ನೀರು ಸದ್ದು ಮಾಡುತ್ತದೆ. ಕೊಳಾಯಿಯ ಎರಡು ಕಡೆ ಶ್ರವಣೋಪಕರಣಗಳನ್ನಿಟ್ಟು, ಆ ಸದ್ದು ತಲಪುವ ಕಾಲದ ಅಂತರದಿಂದ ದೂರವನ್ನು ಲೆಕ್ಕ ಹಾಕುವರು. ಲೋಹದಲ್ಲಿ ಸದ್ದು ಚೆನ್ನಾಗಿ ಸಾಗುತ್ತದೆ. ಪ್ಲಾಸ್ಟಿಕ್ಕಿನಲ್ಲಿ ಬೇಗ ಅಡಗುತ್ತದೆ. ಆಗ ಕೊಳಾಯಿಯನ್ನು ಬರಿದುಮಾಡಿ, ನೂರಕ್ಕೆ ಐದು ಪಾಲು ಹೈಡ್ರೋಜನ್ ಬೆರೆತ ನೈಟ್ರೋಜನ್ ಅನಿಲವನ್ನು ತುಂಬುವುದುಂಟು. ಈ ಮಿಶ್ರಣ ಹೊತ್ತಿಕೊಳ್ಳದು. ಹಗುರವಾದ ಹೈಡ್ರೋಜನ್ ನೆಲವನ್ನು ತೂರಿ ಮೇಲೆ ಬಂದಾಗ ಯಂತ್ರ ಅದನ್ನು ಗುರುತಿಸುತ್ತದೆ.

ಒಂದೇ ಕೀಲು ಸಡಿಲಿದ್ದರೆ ಅಲ್ಲಿಯಷ್ಟೇ ನೆಲ ಬಿಚ್ಚಿದರೆ ಸಾಕು. ಕಬ್ಬಿಣದ ಹಳೆಯ ಕೊಳಾಯಿ ಉದ್ದಕ್ಕೂ ತುಕ್ಕು ಹಿಡಿದಿದ್ದರೆ ತೇಪೆ ವ್ಯರ್ಥ. ಅದನ್ನು ಅಲ್ಲಿಯೇ ಬಿಟ್ಟು ಗೋಡೆಯ ಮೇಲೆ ಹೊಸ ಕೊಳಾಯಿ ಎಳೆಯುವುದು ಲೇಸು. ಹೊಸ ಮನೆ ಕಟ್ಟುವವರು ಕೊಳಾಯಿಗಳನ್ನು ಆದಷ್ಟೂ ಕೈಗೆಟಕುವ ಕಡೆ ಹಾಯಿಸಿ, ಅವುಗಳ ನಕ್ಷೆಯನ್ನು ಮನೆಪತ್ರಗಳೊಡನೆ ಇಡಬೇಕು.

ಒತ್ತಡ, ವೇಗ, ಶಬ್ದಗಳ ನಿಯಮಗಳನ್ನು ನಮ್ಮ ವಿದ್ಯಾರ್ಥಿಗಳು ಪರೀಕ್ಷೆಗಾಗಿ ಕಲಿಯುತ್ತಾರೆ. ಅವನ್ನು ತಮ್ಮ ಮನೆಯ ತೊಟ್ಟಿಯ ಮೇಲೂ ಪ್ರಯೋಗಿಸಲಿ. ಸೀಮೆಸುಣ್ಣದ ಒಂದು ಗೀಟು, ಒಂದು ಅಳತೆಪಟ್ಟಿ, ಒಂದು ರಾತ್ರಿಯ ತಾಳ್ಮೆ—ಇದಕ್ಕೆ ಬೇಕಾದ ಪ್ರಯೋಗಶಾಲೆ ಇಷ್ಟೇ.